ಭಂಡಾರ ಮುಟ್ಟಿ ಗಾಂಜಾ ಬಿಟ್ಟದ್ದು

ಚಟ ಬಿಡಬೇಕೆಂದು ಹೊರಟವನು ಮೊದಲು ಯೋಚಿಸುವುದು, ಅದರಲ್ಲಿ ಎಷ್ಟನ್ನು ಉಳಿಸಿಕೊಳ್ಳಬಹುದು ಎಂದು. ಬೇರೆಯವರ ಸಂಗತಿ ಗೊತ್ತಿಲ್ಲ, ನಾನಂತೂ ಹಾಗೆಯೇ ಮಾಡಿದೆ. ಬನಹಟ್ಟಿಯಲ್ಲಿ ಸೀರೆ ನೇಯುವ ಕರೆಂಟಿನ ಮಗ್ಗ ನಡೆಸುವವನು ನಾನು. ಸಂಜೆ ಕೆಲಸ ಬಿಟ್ಟೊಡನೆ ಊರಾಚೆಯ ಬೇವಿನಕಟ್ಟೆಗೆ ಹೋಗಿ, ಬೀಡಿಯ ತಂಬಾಕನ್ನು ಅಂಗೈಗೆ ಉದುರಿಸಿ, ಚಿಟಿಕೆ ಗಾಂಜಾ ಬೆರೆಸಿ ಮತ್ತೆ ತುಂಬಿ ಸೇದುವುದು ಎಂಟು ಹತ್ತು ವರ್ಷಗಳ ರೂಢಿ. ಮಗ್ಗದ ಸದ್ದನ್ನು ಕಿವಿಯಿಂದ ಇಳಿಸಲು ಅದೊಂದು ಔಷಧ ಎಂದು ನಂಬಿದ್ದೆ. ನಂಬಿಕೆಗೆ ಕಟ್ಟೆಯ ಮೇಲಿನ ಗೆಳೆಯ ಮಲ್ಲಪ್ಪನ ಬೆಂಬಲವೂ ಇತ್ತು.

ಒಂದು ದಿನ ಹಳದಿ ಸೀರೆಯ ನಡುವೆ ಗೇಣುದ್ದ ಕರಿ ನೂಲು ಓಡಿಸಿಬಿಟ್ಟೆ. ಎದುರಿಗೇ ನಿಂತಿದ್ದೆ, ಚೆಂದವಾಗಿ ನೋಡುತ್ತಲೂ ಇದ್ದೆ, ಹಿಂದಿನ ಸಂಜೆಯ ಗಾಂಜಾದ ಮಂಪರು ಮಾತ್ರ ಇಳಿದಿರಲಿಲ್ಲ. ಇನ್ನೊಮ್ಮೆ ಹೀಗಾದರೆ ಮಗ್ಗದ ಮುಂದೆ ನಿಲ್ಲುವುದು ಬೇಡ ಎಂದರು ಮಗ್ಗದ ಒಡೆಯರಾದ ಸಾವುಕಾರರು. ಆ ಮಗ್ಗ ನಿಂತರೆ ನಮ್ಮ ಒಲೆಯೂ ನಿಂತಂತೆ. ಹೆಂಡತಿ ಶಾಂತವ್ವ ಬೈಯಲಿಲ್ಲ, ಮನೆದೇವರು ಬೀರಪ್ಪನ ಭಂಡಾರದ ತಟ್ಟೆ ತಂದು ಮುಂದಿಟ್ಟಳು. ಆ ಅರಿಶಿನ ಮುಟ್ಟಿ ಆಡಿದ ಮಾತನ್ನು ನಮ್ಮ ಮಂದಿ ಮುರಿಯುವುದಿಲ್ಲ. ಹಾಗಾಗಿ ನಾನು ತೂಗಿ ನೋಡಿ, “ಇವತ್ತಿಂದ ಗಾಂಜಾ ಮುಟ್ಟಂಗಿಲ್ಲ” ಎಂದಷ್ಟೇ ಹೇಳಿದೆ. ಬೀಡಿಯ ಹೆಸರು ಎತ್ತಲಿಲ್ಲ. ಶಾಂತವ್ವ ಏನೋ ಹೇಳಲು ಬಾಯಿ ತೆರೆದವಳು, ಚಿಟಿಕೆ ತಂಬಾಕು ದವಡೆಗೆ ಒತ್ತಿಕೊಂಡು ಸುಮ್ಮನಾದಳು.

ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ. ಮೆಚ್ಚುಗೆ ನಾಲ್ಕು ದಿನ ಬಾಳಿತು. ಒಂದು ಕಟ್ಟು ಬೀಡಿ ಎರಡಾಯಿತು, ನಿದ್ದೆ ಹಾರಿತು, ಕಾರಣವಿಲ್ಲದೆ ಎಮ್ಮೆಯನ್ನು ಬೈದೆ. ಬೀಡಿ ಹಚ್ಚಿದಾಗಲೆಲ್ಲ ಎಡಗೈ ತಾನಾಗಿ ಜೇಬಿನಲ್ಲಿ ಗಾಂಜಾದ ಪುಡಿಕೆ ಹುಡುಕುತ್ತಿತ್ತು. ಐದನೆಯ ಸಂಜೆ ಎಚ್ಚರವಾಗಿ ನೋಡಿದರೆ ಬೇವಿನಕಟ್ಟೆಯ ಮೇಲಿದ್ದೆ. ಬೀಡಿಯ ತಂಬಾಕು ಅಂಗೈಯಲ್ಲಿತ್ತು, ಮಲ್ಲಪ್ಪ ಪುಡಿಕೆ ಚಾಚಿದ್ದ. ಬೀರಪ್ಪ ಹಿಂದೆಯೇ ನಿಂತಂತಾಗಿ ಬೆವೆತುಹೋದೆ. ತಂಬಾಕು ಕೊಡವಿ ಎದ್ದವನು, ಮರುದಿನ ಬೆಳಿಗ್ಗೆಯೇ ಜಮಖಂಡಿ ಬಸ್ಸು ಹತ್ತಿ, ಅಲ್ಲಿ ಚಟ ಬಿಡಿಸುವ ಡಾಕ್ಟರಮ್ಮನ ಮುಂದೆ ಕೂತೆ.

ಬೀಡಿ ಉಳಿಸಿಕೊಂಡ ಕತೆ ಕೇಳಿ ಆಕೆ ಕನ್ನಡಕ ತೆಗೆದರು. “ಬಾಗಲಾ ತಗದಿಟ್ಟು ಒಳಗ ಬರಬ್ಯಾಡ ಅಂದ್ರ ಹೆಂಗ್ರಿ? ಎರಡೂ ಕೂಡೇ ಬಿಡ್ರಿ.” ಒಂದು ದಿನ ಗೊತ್ತುಮಾಡಿ ಮನೆಯಲ್ಲಿರುವುದನ್ನೆಲ್ಲ ಎಸೆಯಬೇಕು, ಕಟ್ಟೆಯ ಕಡೆ ಸುಳಿಯಬಾರದು, ಆಸೆ ಎದ್ದಾಗ ನೀರು ಕುಡಿದು ನಾಲ್ಕು ಹೆಜ್ಜೆ ಅಡ್ಡಾಡಿದರೆ ಅದು ತಾನಾಗಿ ಇಳಿಯುತ್ತದೆ ಎಂದರು. ಸಿಟ್ಟು, ನಿದ್ದೆಗೇಡು ಕೆಲವು ವಾರ ಇರುತ್ತವೆ, ಹೆದರಬೇಡಿ, ತಡೆಯಲಾಗದಿದ್ದರೆ ಬನ್ನಿ, ಔಷಧವಿದೆ, ಎಡವಿದರೂ ಬನ್ನಿ ಎಂದರು. ಇಷ್ಟೂ ಸಹಿಸಬಹುದಿತ್ತು. ಕೊನೆಗೆ, ಮನೆಯವರಿಗೆ ಎಲ್ಲ ಹೇಳಿ ಎಂದುಬಿಟ್ಟರು. ಹಿಂದಿರುಗುವಾಗ ಬಸ್ಸು ಕೆಟ್ಟು ನಿಂತರೆ ಸಾಕೆಂದು ಬೇಡಿಕೊಂಡೆ. ಅದು ಹೊತ್ತಿಗೆ ಮೊದಲೇ ಊರು ಮುಟ್ಟಿತು.

ಶಾಂತವ್ವನ ಮುಂದೆ ತೊದಲುತ್ತ ಎಲ್ಲ ಒಪ್ಪಿಕೊಂಡೆ. ಆಕೆ ತಲೆ ತಗ್ಗಿಸಿದಳು.

“ನನಗ ಅವತ್ತ ಗೊತ್ತಿತ್ತರಿ. ಬೀಡಿನೂ ಬಿಡ್ರಿ ಅಂದ್ರ, ನೀನೂ ತಂಬಾಕ ಬಿಡು ಅಂತಿದ್ರಿ. ಅದಕ್ಕ ಸುಮ್ಮನಾದೆ.”

ನನಗೆ ನಗು ಬಂತು. ಅಷ್ಟರಲ್ಲಿ ಆಕೆ ಬಾಯಿ ಮುಕ್ಕಳಿಸಿ, ಭಂಡಾರ ಮುಟ್ಟಿ, ತಂಬಾಕು ಬಿಟ್ಟೆ ಎಂದು ಒಂದೇ ಉಸಿರಿಗೆ ಹೇಳಿ, ಡಬ್ಬಿಯಲ್ಲಿದ್ದುದನ್ನು ಒಲೆಗೆ ಸುರಿದುಬಿಟ್ಟಳು. ಆಮೇಲೆ ತಟ್ಟೆ ನನ್ನ ಕಡೆ ಬಂತು. ಗಾಂಜಾ ಎಂಬ ಮಾತು ಸಲೀಸಾಗಿ ಬಂತು. ಮುಂದಿನದಕ್ಕೆ ಬಾಯಿ ತೆರೆದೊಡನೆ ಬೀಡಿಯ ಆಸೆ ಎದ್ದಿತು. ಡಾಕ್ಟರಮ್ಮ ಹೇಳಿದ್ದಾರೆಂದು ಒಂದು ಚರಿಗೆ ನೀರು ಕುಡಿದು, ಮನೆಯೊಳಗೇ ನಾಲ್ಕು ಹೆಜ್ಜೆ ಅಡ್ಡಾಡಿ ಬಂದು, ಬೀಡಿನೂ ಬಿಟ್ಟೆ ಎಂದೆ.

ಶಾಂತವ್ವ ತಟ್ಟೆ ಹಿಂದಕ್ಕೆ ತೆಗೆಯಲಿಲ್ಲ.

“ತಂಬಾಕ ಅನ್ರಿ, ಇಲ್ಲಾಂದ್ರ ನಾಳೆ ಜಗಿಯಾಕ ಹತ್ತತೀರಿ,” ಎಂದಳು.

ನಾನು ಇನ್ನೊಂದು ಚರಿಗೆ ನೀರು ಕೇಳಿದೆ.