ಗುಂಡ್ಯಾ ಮತ್ತು ಚೇರ್ಮನ್ನರ ಮಧ್ಯಾಹ್ನದ ನಿದ್ದೆ

ನನ್ನ ಕೈಗೆ ಬಂದ ಕೆಲಸ ಕೆಟ್ಟಿತೆಂದು ಈತನಕ ಯಾರೂ ಹೇಳಿಲ್ಲ. ಆದರೆ ನಾನು ಕೈಹಾಕಿದಲ್ಲೆಲ್ಲ ಏನಾದರೊಂದು ನಗೆಪಾಟಲು ಆಗಿಯೇ ತೀರುತ್ತದೆ, ಅದಕ್ಕೆ ಮಾತ್ರ ನಾನು ಹೊಣೆಯಲ್ಲ. ತೊಂಬತ್ತರ ದಶಕದ ಕೊನೆಗೆ ಪುಣೆಯ ಧನಕವಡಿಯ ನಮ್ಮ ಮನೆಗೆ ನಾಯಿಮರಿ ಬಂದಾಗಲೂ ಹಾಗೇ ಆಯಿತು. ಅದನ್ನು ಮನೆಗೆ ಹೊಂದಿಸುವ ಜವಾಬ್ದಾರಿ ಪೂರ್ತಿ ನನ್ನದು. ಯಾರೂ ಕೊಟ್ಟಿರಲಿಲ್ಲ, ನಾನೇ ತೆಗೆದುಕೊಂಡಿದ್ದೆ.

ಕರಾರು

ಮರಿಯನ್ನು ತಂದವನು ನನ್ನ ಹೆಂಡತಿಯ ತಮ್ಮ. ಅವನಿಗೆ ದೌಂಡದಲ್ಲಿ ರೈಲ್ವೆ ನೌಕರಿ. ಕ್ವಾರ್ಟರ್ಸಿನ ಹಿಂದೆ ಹುಟ್ಟಿದ ಮರಿಗಳಲ್ಲಿ ಒಂದನ್ನು ಬುಟ್ಟಿಯಲ್ಲಿಟ್ಟುಕೊಂಡು ರೈಲಿನಲ್ಲಿ ಬಂದ, ಅಕ್ಕನ ಮಡಿಲಿಗೆ ಹಾಕಿದ, ಚಹಾ ಕುಡಿದು ಹೋದ. ಮಗಳ ಮದುವೆಯಾದಾಗಿನಿಂದ ಮನೆ ಬಿಕೋ ಎನ್ನುತ್ತಿತ್ತು. ಹೆಂಡತಿ ಮನಸ್ಸು ಬಿಚ್ಚಿ ನಕ್ಕು ಎಷ್ಟೋ ತಿಂಗಳಾಗಿತ್ತು. ಆವತ್ತು ನಕ್ಕಳು, ಮರಿಗೆ ಗುಂಡ್ಯಾ ಎಂದು ಹೆಸರಿಟ್ಟಳು.

ಸಂಜೆಯೊಳಗೆ ಕೆಳಗಿನ ಮನೆಯವರು ಬಂದರು. ಅವರು ನಮ್ಮ ಹೌಸಿಂಗ್ ಸೊಸೈಟಿಯ ಚೇರ್ಮನ್ನರು, ನೌಕರಿಯಿಂದ ನಿವೃತ್ತರಾದವರು, ನಿದ್ದೆಯಿಂದಲ್ಲ. ಪುಣೆಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕು ಎಂದರೆ ಮಲಗುವ ಹೊತ್ತು. ಅಂಗಡಿಗಳೂ ಬಾಗಿಲು ಹಾಕಿಕೊಳ್ಳುತ್ತವೆ. ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ನಾನೂ ಹಾಕುತ್ತಿದ್ದೆ. ಆ ಹೊತ್ತಿನಲ್ಲಿ ಗಿರಾಕಿ ಬಂದರೆ ಅದು ಗಿರಾಕಿಯ ತಪ್ಪು.

"ನಾಯಿ ಬೇಡ ಅನ್ನುವುದಿಲ್ಲ," ಎಂದು ಚೇರ್ಮನ್ನರು ಮರಾಠಿಯಲ್ಲಿ ಶುರುಮಾಡಿದರು. "ಆದರೆ ಒಂದರಿಂದ ನಾಲ್ಕು ಅದು ಬೊಗಳಕೂಡದು. ತಿಂಗಳ ಕೊನೆಗೆ ಸೊಸೈಟಿಯ ಸಭೆ ಇದೆ. ನಾಯಿಯ ಮೇಲೆ ಒಬ್ಬರು ತಕರಾರು ಹೇಳಿದರೂ ಮರಿ ಬಂದಲ್ಲಿಗೇ ವಾಪಸ್ಸು."

ಅವರು ಹೋದ ಮೇಲೆ ಹೆಂಡತಿ ಮರಿಯನ್ನು ಎದೆಗವಚಿಕೊಂಡಳು. "ಗುಂಡ್ಯಾನ್ನ ದೌಂಡಕ್ಕ ಕಳಸೋದಾದ್ರ ಅದಽ ಗಾಡ್ಯಾಗ ನನ್ನೂ ಕೂಡಸ್ರಿ," ಅಂದಳು. ಕಣ್ಣು ತುಂಬಿದ್ದವು. ತಮಾಷೆಯ ಮಾತಾಗಿರಲಿಲ್ಲ.

"ನೀ ಚಿಂತಿ ಮಾಡಬ್ಯಾಡ, ನಾ ಅದೀನಲ್ಲ!" ಎಂದೆ.

"ಅದಽ ಚಿಂತಿ," ಅಂದಳು.

ಗಡಿಯಾರ

ಮೊದಲ ಮಧ್ಯಾಹ್ನ ಗುಂಡ್ಯಾ ತಾಯಿಯನ್ನು ನೆನೆದು ಕುಂಯ್ ಕುಂಯ್ ಅನ್ನತೊಡಗಿದ. ಅಂಗಡಿಯ ಗಿರಾಕಿಯೊಬ್ಬರು ಇದಕ್ಕೊಂದು ಉಪಾಯ ಹೇಳಿಕೊಟ್ಟಿದ್ದರು. ಟಿಕ್ ಟಿಕ್ ಅನ್ನುವ ಗಡಿಯಾರವನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟರೆ ಮರಿ ಅದನ್ನು ತಾಯಿಯ ಎದೆಬಡಿತ ಅಂದುಕೊಂಡು ಮಲಗುತ್ತದಂತೆ. ನಾನು ಕೀಲಿ ಕೊಡುವ ನನ್ನ ಅಲಾರಾಂ ಗಡಿಯಾರವನ್ನು ಹಳೆಯ ಧೋತರದಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟೆ. ಗುಂಡ್ಯಾ ಅದಕ್ಕೆ ಒತ್ತಿಕೊಂಡು ಮಲಗಿಯೇಬಿಟ್ಟ.

"ಹೆಂಗ?" ಎಂದು ಹೆಂಡತಿಯನ್ನು ಕೇಳಿ ನಾನೂ ಅಡ್ಡಾದೆ.

ಅಂಗಡಿ ತೆರೆಯಲೆಂದು ದಿನಾ ಮೂರೂವರೆಗೆ ನನ್ನನ್ನು ಎಬ್ಬಿಸುತ್ತಿದ್ದುದು ಅದೇ ಗಡಿಯಾರ. ಮೂರೂವರೆಗೆ ಅದು ತಾಯಿಯ ಎದೆಯೊಳಗಿಂದ ಗಣಗಣ ಹೊಡೆದುಕೊಂಡಿತು. ಗುಂಡ್ಯಾ ಹಾರಿ ಮಂಚದ ಕೆಳಗೆ ಸೇರಿದ. ನಾನು ಅರೆನಿದ್ದೆಯಲ್ಲಿ ಬುಟ್ಟಿ ಎತ್ತಿಕೊಂಡು ಹೊರಗೋಡಿದೆ. ಗಡಿಯಾರ ಧೋತರದಿಂದ ಜಾರಿ, ಮೆಟ್ಟಿಲು ಮೆಟ್ಟಿಲಾಗಿ ಬಾರಿಸುತ್ತ ಇಳಿದು, ಸರಿಯಾಗಿ ಚೇರ್ಮನ್ನರ ಬಾಗಿಲಿಗೆ ಹೋಗಿ ನಿಂತಿತು.

ಬಾಗಿಲು ತೆರೆಯಿತು. ಬನಿಯನ್ನಿನಲ್ಲಿದ್ದ ಚೇರ್ಮನ್ನರು ಅದನ್ನು ಎತ್ತಿಕೊಂಡು ಮೇಲೆ ನೋಡಿದರು.

ನಾನು ಎದೆಗುಂದಲಿಲ್ಲ. "ನೋಡಿದಿರಾ ಸಾಹೇಬರೇ," ಎಂದು ಕೂಗಿ ಹೇಳಿದೆ, "ನಮ್ಮ ನಾಯಿ ಒಂದು ಚೂರೂ ಬೊಗಳಲಿಲ್ಲ!"

ಅಂಗಿ

ಪುಣೆಯ ಡಿಸೆಂಬರಿನ ಚಳಿಗೆಂದು ಹೆಂಡತಿ ಅಂಗಡಿಯ ತುಂಡುಬಟ್ಟೆಯಲ್ಲಿ ಗುಂಡ್ಯಾನಿಗೊಂದು ಅಂಗಿ ಹೊಲಿದಳು. ತೊಂದರೆ ಶುರುವಾದದ್ದು ಅಲ್ಲಿಂದ.

ನಮ್ಮ ಅವ್ವ ಮಡಿಯುಟ್ಟು ಪೂಜೆ ಮುಗಿಸಿ ನೈವೇದ್ಯ ಮಾಡುವ ಹೊತ್ತಿಗೆ ಒಂದು ಗಂಟೆ ದಾಟಿರುತ್ತಿತ್ತು. ಗುಂಡ್ಯಾನಿಗೆ ಅವಳ ಸೀರೆಯ ನಿರಿಗೆ ಎಂದರೆ ಪಂಚಪ್ರಾಣ. ಅವಳು ಅಡುಗೆಮನೆಯಿಂದ ಕಾಲು ಹೊರಗಿಟ್ಟಳೋ ಇಲ್ಲವೋ, ಹೋಗಿ ತೂರಿಕೊಂಡ.

"ಮುಟ್ಟಿತವ್ವೋ!" ಎಂದು ಅವ್ವ ಕೂಗಿದ ಹೊಡೆತಕ್ಕೆ ಬಾಲ್ಕನಿಯ ಪಾರಿವಾಳಗಳು ಹಾರಿಹೋದವು. ಮತ್ತೆ ಸ್ನಾನ, ಮತ್ತೆ ಮಡಿ, ಮತ್ತೆ ನಿರಿಗೆ, ಮತ್ತೆ ಗುಂಡ್ಯಾ. ಅವ್ವ ಇನ್ನೊಮ್ಮೆ ಮಿಂದು, ಚಳಿಗೆ ಹಲ್ಲು ಕಟಕಟಿಸುತ್ತ ಬಂದಾಗ ಹೆಂಡತಿಯ ಮುಖ ಸಣ್ಣದಾಯಿತು. ಅತ್ತೆಯೇ ಬೇಡ ಅಂದುಬಿಟ್ಟರೆ ಸಭೆಯ ಪ್ರಶ್ನೆಯೇ ಬರುತ್ತಿರಲಿಲ್ಲ.

ಅವ್ವ ಗುಂಡ್ಯಾನನ್ನು ಮೇಲಿಂದ ಕೆಳಗೆ ನೋಡಿದಳು. "ಮೊದ್ಲ ಅದರ ಅಂಗಿ ತಗೀರಿ," ಅಂದಳು.

"ಯಾಕವ್ವಾ?"

"ಬತ್ತಲ ಕೂಸು ಮುಟ್ಟಿದ್ರ ಮಡಿಗೇನೂ ಆಗೂದಿಲ್ಲ. ಮೈಲಿಗಿ ಇರೋದು ಅರಿವ್ಯಾಗ."

"ಅದು ಮನಷ್ಯಾರ ಕೂಸಿಗೆ ಅಲ್ಲೇನಬೇ?"

"ಹಾಲು ಕುಡೀತದೋ ಇಲ್ಲೋ?"

"ಕುಡೀತದ."

"ಹಂಗಾದ್ರ ಕೂಸ."

ಅಂದಿನಿಂದ ಪೂಜೆಯ ಹೊತ್ತಿಗೆ ಅಂಗಿ ಬಿಚ್ಚುವುದು, ನೈವೇದ್ಯ ಆದ ಮೇಲೆ ತೊಡಿಸುವುದು ಎಂದು ನಿಕ್ಕಿಯಾಯಿತು. ಕೆಲವೇ ದಿನಗಳಲ್ಲಿ ಗುಂಡ್ಯಾ ಪೂಜೆಯ ಗಂಟೆ ಕೇಳಿದರೆ ಸಾಕು, ಮುಂಗಾಲೆತ್ತಿ ಅಂಗಿ ಬಿಚ್ಚಿಸಿಕೊಳ್ಳಲು ನಿಲ್ಲುತ್ತಿದ್ದ. ಮಡಿಯ ವಿಷಯದಲ್ಲಿ ಮಗನಿಗಿಂತ ಇವನೇ ವಾಸಿ ಎಂದು ಅವ್ವ ಮನೆಗೆ ಬಂದವರಿಗೆಲ್ಲ ಹೇಳತೊಡಗಿದಳು.

ಭಂಗಾರ್‌ವಾಲಾ

ಸಭೆ ಹತ್ತಿರ ಬಂತು. ನಾನು ಶಿಸ್ತಿನ ತಾಲೀಮು ಶುರುಮಾಡಿದೆ. ಊಟವಾದ ಮೇಲೆ ಗುಂಡ್ಯಾನನ್ನು ಎದುರಿಗೆ ಕೂಡಿಸಿಕೊಂಡು, ಬೆರಳೆತ್ತಿ, ಗಟ್ಟಿ ದನಿಯಲ್ಲಿ "ಸುಮ್ನಿರು!" ಎನ್ನುತ್ತಿದ್ದೆ. ಅವನು ಸುಮ್ಮನೇ ಇರುತ್ತಿದ್ದ. ಆದರೂ ಗಟ್ಟಿಯಾಗಲಿ ಎಂದು ಮತ್ತೆ ಮತ್ತೆ ಹೇಳುತ್ತಿದ್ದೆ.

ಒಂದು ಮಧ್ಯಾಹ್ನ ಹಳೇ ಪೇಪರು ಡಬ್ಬಿ ಕೊಳ್ಳುವ ಭಂಗಾರ್‌ವಾಲಾ ಕೂಗುತ್ತ ನಮ್ಮ ಓಣಿಗೆ ಬಂದ. ಗುಂಡ್ಯಾನ ಕಿವಿ ನೆಟ್ಟಗಾದವು. ನಾನು ಬಾಲ್ಕನಿಗೆ ಓಡಿ, ಎರಡೂ ಕೈ ಬೀಸುತ್ತ, "ಓ ಭಂಗಾರ್‌ವಾಲೇ! ಕೂಗಬೇಡ! ಕೂಗಬೇಡ!" ಎಂದು ಮರಾಠಿಯಲ್ಲಿ ಕೂಗಿದೆ. ಅವನು ಕೂಗುವುದನ್ನು ನಿಲ್ಲಿಸಿ, ತಲೆಯಾಡಿಸಿ, ಕಟ್ಟಡದೊಳಕ್ಕೆ ಬಂದ. ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ನಮ್ಮ ಮನೆಯ ಬೆಲ್ ಹೊಡೆಯಿತು.

ತಕ್ಕಡಿ, ಗೋಣಿಚೀಲ ಹಿಡಿದು ಅವನೇ ನಿಂತಿದ್ದ. "ಅಷ್ಟೊಂದು ಕೈ ಬೀಸಿ ಕರೆದಿರಲ್ಲ, ಏನು ಹಾಕೋದಿದೆ?" ಅಂದ. ಗುಂಡ್ಯಾ ಹೋಗಿ ಅವನ ಕಾಲು ನೆಕ್ಕಿದ.

ಮೂರು ಮಹಡಿ ಹತ್ತಿ ಬಂದವನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಹೆಂಡತಿ, ಚೇರ್ಮನ್ನರು ವಾಪಸ್ಸು ಕೊಟ್ಟಿದ್ದ ನನ್ನ ಅಲಾರಾಂ ಗಡಿಯಾರವನ್ನೇ ಕೊಟ್ಟು ಕಳಿಸಿದಳು.

ಸಭೆ

ಭಾನುವಾರ ಬೆಳಿಗ್ಗೆ ಕಟ್ಟಡದ ತಾರಸಿಯ ಗಚ್ಚಿಯ ಮೇಲೆ ಎಲ್ಲರೂ ಸೇರಿದರು. ಹೆಂಡತಿ ಗುಂಡ್ಯಾನನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು. ಅವ್ವ ಜಪಮಾಲೆ ತಂದಿದ್ದಳು. ನಾನು ಗೆದ್ದೇ ಗೆಲ್ಲುತ್ತೇನೆಂದು ಇಸ್ತ್ರಿ ಅಂಗಿ ಹಾಕಿಕೊಂಡಿದ್ದೆ.

"ಮೂರನೇ ಮಹಡಿಯ ಮನೆಯಿಂದ ಮಧ್ಯಾಹ್ನ ಯಾರಿಗಾದರೂ ತೊಂದರೆ ಆಗಿದೆಯೇ?" ಎಂದು ಚೇರ್ಮನ್ನರು ಕೇಳಿದರು.

ಗಚ್ಚಿಯ ತುಂಬ ಕೈಗಳು ಎದ್ದವು. ಹೆಂಡತಿ ಕಣ್ಣು ಮುಚ್ಚಿಕೊಂಡಳು.

ಎಲ್ಲರೂ ಕಾಕು ಎಂದು ಕರೆಯುವ ಎದುರುಮನೆಯ ಹೆಂಗಸು ಮೊದಲು ಎದ್ದರು. "ಅವತ್ತು ಒಂದು ಗಂಟೆ ದಾಟಿದ ಮೇಲೆ ಯಾರೋ ಮೇಲಿಂದ ಮೇಲೆ ಚೀರಿದರು. ನನ್ನ ಎದೆ ಧಸಕ್ಕೆಂದಿತು." ಅವ್ವ ಜಪಮಾಲೆಯನ್ನು ಜೋರಾಗಿ ಎಣಿಸತೊಡಗಿದಳು.

ಪಕ್ಕದ ಮನೆಯ ಮಾಸ್ತರರು ಎದ್ದರು. "ಊಟವಾದ ಮೇಲೆ ಈ ಗೃಹಸ್ಥರು ಕನ್ನಡದಲ್ಲಿ ಗದರಿಸುತ್ತಾರೆ. ಪಾಪ, ಹೆಂಡತಿ ತಿರುಗಿ ಒಂದು ಮಾತೂ ಆಡುವುದಿಲ್ಲ. ಬಹಳ ಸಹನೆಯ ಹೆಂಗಸು ಎಂದು ನಮ್ಮ ಮನೆಯಲ್ಲಿ ಮಾತಾಡಿಕೊಂಡೆವು."

"ಬಾಲ್ಕನಿಯಲ್ಲಿ ನಿಂತು ಭಂಗಾರ್‌ವಾಲಾನನ್ನು ಕರೆಯುತ್ತಾರೆ," ಎಂದರು ಇನ್ನೊಬ್ಬರು.

"ಗಡಿಯಾರದ ಸಂಗತಿ ನನಗೇ ಗೊತ್ತು," ಎಂದರು ಚೇರ್ಮನ್ನರು. "ಅದಿರಲಿ. ನಾಯಿಯ ಮೇಲೆ ಏನು ತಕರಾರು?"

ಎದ್ದಿದ್ದ ಕೈಗಳೆಲ್ಲ ಇಳಿದವು. ಕಡೆಗೆ ಕಾಕು ಕೇಳಿದರು: "ಇವರ ಮನೆಯಲ್ಲಿ ನಾಯಿ ಇದೆಯೇ?"

ನಾನು ಎದ್ದು ನಿಂತು ಗುಂಡ್ಯಾನ ಪರವಾಗಿ ಗಟ್ಟಿಯಾಗಿ ಮಾತು ಶುರುಮಾಡಿದೆ. ಆಗ ಅವನು ಸೆರಗಿನಿಂದ ತಲೆ ಹೊರಗೆ ಹಾಕಿ, ಜನ್ಮದಲ್ಲಿ ಮೊದಲ ಸಲ, ನನ್ನತ್ತ ನೋಡಿ "ಭೌ" ಅಂದ. ನಾನು ಕೂತೆ.

ಚೇರ್ಮನ್ನರು ತೀರ್ಪು ಕೊಟ್ಟರು. "ನಾಯಿ ಕಾಯಂ. ಮನೆಯವರನ್ನು ಮಾತ್ರ ಮುಂದಿನ ಸಭೆಯವರೆಗೆ ನೋಡೋಣ."

ಮೆಟ್ಟಿಲಿಳಿಯುವಾಗ ಹೆಂಡತಿಯ ಮುಖದಲ್ಲಿ ನಗು ಹಿಡಿಸುತ್ತಿರಲಿಲ್ಲ. "ಮತ್ತ? ನಾ ಹೇಳಿರಲಿಲ್ಲೇನು, ನಾ ಅದೀನಿ ಅಂತ?" ಎಂದೆ, ತುಸು ಗಟ್ಟಿಯಾಗಿಯೇ.

ಅವಳು ಗುಂಡ್ಯಾನ ಅಂಗಿ ಸರಿಮಾಡುತ್ತ ಹೇಳಿದಳು: "ಸಣ್ಣಕ ಮಾತಾಡ್ರಿ. ಇನ್ನ ದೌಂಡಕ್ಕ ಹೋಗೋ ಪ್ರಸಂಗ ಬಂದ್ರ ನೀವಽ ಹೋಗಬೇಕಾಗ್ತದ. ನಾನೂ ಗುಂಡ್ಯಾನೂ ಸ್ಟೇಷನ್ನಿನ ತನಕ ಕಳಸಾಕ ಬರ್ತೀವಿ."