ನಮ್ಮ ಡೇರೆಯಿಂದ ಎದ್ದು ಹೋದವರಿಲ್ಲ

ಡೇರೆ ಹಾಕಿದಲ್ಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ಆಗಬಾರದೆಂದು ಎಷ್ಟು ಎಚ್ಚರಿಕೆ ವಹಿಸಿದರೂ ಆಗುತ್ತದೆ. ಎಚ್ಚರಿಕೆ ವಹಿಸಿದ ದಿನ ಸ್ವಲ್ಪ ಜಾಸ್ತಿಯೇ ಆಗುತ್ತದೆ.

ಕತಾರಿನಲ್ಲಿ ಚಳಿಗಾಲ ಬಂತೆಂದರೆ ಅರ್ಧ ಊರು ಮರಳಿಗೆ ಹೋಗಿ ಡೇರೆ ಹಾಕುತ್ತದೆ. ನಾವೂ ಹಾಕುತ್ತೇವೆ. ನಾವು ಎಂದರೆ ಅಲ್ ವುಕೈರಿನ ಒಂದೇ ಕಟ್ಟಡದಲ್ಲಿರುವ ಎರಡು ಮನೆಯವರು, ನಾನು ಮತ್ತು ನನ್ನ ಬ್ಯಾರಿ ಗೆಳೆಯ. ಇಬ್ಬರಿಗೂ ಹಮದ್ ಬಂದರಿನಲ್ಲಿ ಕೆಲಸ, ಇಬ್ಬರ ಊರೂ ದಕ್ಷಿಣ ಕನ್ನಡ. ಗಾಡಿ ಅವನದು, ಡೇರೆ ನನ್ನದು, ಜಂಬ ಇಬ್ಬರದೂ.

ಜಂಬಕ್ಕೆ ಕಾರಣವಿದೆ. ಊರಿನಿಂದ ಬಂದ ನೆಂಟರನ್ನು ಒಂದು ರಾತ್ರಿಯಾದರೂ ಡೇರೆಯಲ್ಲಿ ಮಲಗಿಸಿಯೇ ಕಳಿಸುವುದು ನಮ್ಮ ಪದ್ಧತಿ. ಇಷ್ಟು ವರ್ಷಗಳಲ್ಲಿ ಬೆಳಗಿನ ಚಹಾಕ್ಕೆ ಮೊದಲೇ ಎದ್ದು ಮನೆಗೆ ಓಡಿದವರು ಒಬ್ಬರೂ ಇಲ್ಲ. ಬೇರೆಯವರ ಡೇರೆಗಳಿಂದ ಓಡಿದ್ದಾರೆ. ಚಳಿ ಅಂತ ಓಡಿದ್ದಾರೆ, ಫ್ಯಾನಿಲ್ಲ ಅಂತಲೂ ಓಡಿದ್ದಾರೆ. ನಮ್ಮಲ್ಲಿಂದ ಮಾತ್ರ ಇಲ್ಲ. ಹಗ್ಗ ಬಿಗಿಯುತ್ತ ಪ್ರತಿಯೊಬ್ಬ ಅತಿಥಿಗೂ ನಾನು ಹೇಳುವ ಮಾತು ಒಂದೇ: "ಮರಳಲ್ಲಿ ಮಲಗ್ಲಿಕ್ಕೆ ಎಲ್ಲರಿಗೂ ಆಗುದಿಲ್ಲ ಮಾರಾಯ್ರೆ, ಅದಕ್ಕೊಂದು ಗುಂಡಿಗೆ ಬೇಕು."

ಚಿಕ್ಕಪ್ಪನ ಸೇವೆ

ನನ್ನ ಚಿಕ್ಕಪ್ಪ ಜೀವಮಾನವಿಡೀ ಮಂಗಳೂರು–ಉಡುಪಿ ದಾರಿಯಲ್ಲಿ ಬಸ್ಸು ಓಡಿಸಿದವರು. ಟಯರಿಗೆ ಒಂದು ಗುದ್ದು ಕೊಟ್ಟು ಗಾಳಿ ನೋಡದೆ ಸೀಟು ಹತ್ತಿದವರಲ್ಲ. ಇಲ್ಲಿ ಮರಳಿಗೆ ಇಳಿಯುವಾಗ ಟಯರಿನ ಗಾಳಿ ಇಳಿಸಬೇಕು, ಇಲ್ಲದಿದ್ದರೆ ಗಾಡಿ ಹೂತುಹೋಗುತ್ತದೆ. ನಾವು ಗಾಳಿ ಇಳಿಸುವಾಗ ಚಿಕ್ಕಪ್ಪ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಿ ಹೇಳುವ ಬುದ್ಧಿ ನಮಗೆ ಬರಲಿಲ್ಲ.

ಬೆಳಿಗ್ಗೆ ಏನೋ ಗುರ್ ಎನ್ನುವ ಸದ್ದು. ಹೊರಗೆ ಬಂದು ನೋಡಿದರೆ ಚಿಕ್ಕಪ್ಪ ಪಂಪಿನ ಮುಂದೆ ಕುಳಿತಿದ್ದಾರೆ. ನಮ್ಮ ಗಾಡಿಯ ನಾಲ್ಕೂ ಟಯರು ಕಲ್ಲಿನಂತೆ ಗಟ್ಟಿ. ಅಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ. ಪಕ್ಕದಲ್ಲಿ ಪ್ರತಿವರ್ಷ ಡೇರೆ ಹಾಕುವ ಕತಾರಿ ಯಜಮಾನರ ಗಾಡಿಗಳಿಗೂ ಗಾಳಿ ತುಂಬಿಸಿ ಮುಗಿದಿತ್ತು.

"ಪಾಪ, ಒಂದು ಗಾಡಿಗೂ ಗಾಳಿ ಇರ್ಲಿಲ್ಲ ಮಾರಾಯ. ಯಾವನೋ ಪೋಕರಿ ಬಿಟ್ಟಿರ್ಬೇಕು" ಎಂದರು.

ನಮ್ಮ ಗಾಡಿಯ ಮಟ್ಟಿಗೆ ಆ ಪೋಕರಿ ನಾನೇ. ಗೆಳೆಯ ಗಾಡಿ ತೆಗೆದ, ಅದು ನಿಂತಲ್ಲೇ ಹೊಟ್ಟೆಯವರೆಗೆ ಹೂತಿತು. ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ "ಮಾಫಿ ಮುಷ್ಕಿಲ್", ಏನೂ ತೊಂದರೆಯಿಲ್ಲ, ಎನ್ನುತ್ತ ತಮ್ಮ ಗಾಡಿಯ ಗಾಳಿ ಮತ್ತೆ ಇಳಿಸಿ, ಹಗ್ಗ ಕಟ್ಟಿ ನಮ್ಮನ್ನು ಎಳೆದರು.

ಚಿಕ್ಕಪ್ಪ ನನ್ನ ಹೆಗಲು ತಟ್ಟಿದರು. "ನೋಡಿದ್ಯಾ? ಅವರ ಗಾಡಿಗೆ ನಾನು ಗಾಳಿ ಹಾಕದಿದ್ರೆ ಇವತ್ತು ನಿಮ್ಮನ್ನು ಎಳೀಲಿಕ್ಕೆ ಯಾರಿದ್ರು?"

ಉಮ್ಮನ ಬಿಸಿಲು

ಗೆಳೆಯನ ತಾಯಿ, ನಮ್ಮೆಲ್ಲರ ಉಮ್ಮ, ಬಂದಾಗ ಡೇರೆ, ದಿಬ್ಬ, ಸಮುದ್ರ ಯಾವುದನ್ನೂ ನೋಡಲಿಲ್ಲ. ತಲೆ ಎತ್ತಿ ಆಕಾಶ ನೋಡಿದರು. "ಅಲ್ಲ ಮಕ್ಕಳೇ, ಇಷ್ಟು ಬಿಸಿಲು ಸುಮ್ಮನೆ ಹಾಳಾಗ್ತಾ ಉಂಟಲ್ಲ!"

ನಮ್ಮ ಕರಾವಳಿಯ ಹೆಂಗಸರಿಗೆ ಬಿಸಿಲನ್ನು ವ್ಯರ್ಥ ಮಾಡುವುದೂ ಅನ್ನ ಚೆಲ್ಲುವುದೂ ಒಂದೇ. ಊರಿನಿಂದ ತಂದ ಹಲಸಿನ ಹಪ್ಪಳ ಬಿಸಿಲು ಕಾಣದ ಫ್ಲ್ಯಾಟಿನಲ್ಲಿ ಮೆತ್ತಗಾಗಿತ್ತು. ಉಮ್ಮ ಅದನ್ನು ಚೀಲದಲ್ಲಿ ಹೊತ್ತುಕೊಂಡೇ ಬಂದಿದ್ದರು. ಚಾಪೆ ಹಾಸಿ ಹರಡಿದರು, ಕಾಗೆ ಓಡಿಸಲು ಕೋಲು ಹಿಡಿದು ಕುಳಿತರು. ಕಾಗೆ ಬರಲಿಲ್ಲ. ಗಾಳಿ ಬಂತು.

ಹಪ್ಪಳಗಳೆಲ್ಲ ಎದ್ದು ಒಂದರ ಹಿಂದೆ ಒಂದು ದಿಬ್ಬ ಹತ್ತಿದವು. ಹಿಂದೆ ಕೋಲು ಹಿಡಿದ ಉಮ್ಮ, ಅವರ ಹಿಂದೆ ನಾವು. ಯಜಮಾನರ ಮೊಮ್ಮಕ್ಕಳು ಮರಳಿನ ಬೈಕು ಹತ್ತಿ ಬೆನ್ನಟ್ಟಿ, ಒಂದೊಂದನ್ನೇ ಹಿಡಿದು ತಂದರು. ಯಜಮಾನರು ಒಂದನ್ನು ಹಸಿಯಾಗಿಯೇ ಕಚ್ಚಿ, ತುಂಬ ಹೊತ್ತು ಅಗಿದು, "ರೊಟ್ಟಿ ಒಳ್ಳೆಯದು, ಸ್ವಲ್ಪ ಹಳೆಯದು" ಎಂದರು.

ಉಮ್ಮನಿಗೆ ಅವಮಾನವಾಯಿತು. ಆಗಲೇ ಬಾಣಲೆ ಇಟ್ಟು ಕರಿದು ಕೊಟ್ಟರು. ಯಜಮಾನರು ತಿನ್ನುತ್ತಲೇ ಇದ್ದರು, ನಿಲ್ಲಿಸಲಿಲ್ಲ. ಅಂದಿನಿಂದ ಪ್ರತಿ ಚಳಿಗಾಲ ನಮ್ಮನ್ನು ಕಂಡಕೂಡಲೇ ಅವರು ಕೇಳುವುದು ನಮ್ಮ ಕ್ಷೇಮವನ್ನಲ್ಲ, ಹಪ್ಪಳದ ಕ್ಷೇಮವನ್ನು. ಅದು ಅಷ್ಟು ಕುರುಕುರು ಎಂದದ್ದರಲ್ಲಿ ಅರ್ಧ ಪಾಲು ಮರಳಿನದು ಎಂದು ನಾವು ಇದುವರೆಗೂ ಹೇಳಿಲ್ಲ.

ಇದು ಯಾವ ಊರು?

ಕಚೇರಿಗೆ ಹೊಸದಾಗಿ ಸೇರಿದ ಸುರತ್ಕಲ್ಲಿನ ಹುಡುಗನೊಬ್ಬ ಡೇರೆಯಿಂದ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದ. ಹಿಂದೆ ಸಮುದ್ರ, ಮರಳು, ಲುಂಗಿ ಉಟ್ಟು ಮೀನು ಕಾಯಿಸುತ್ತಿದ್ದ ನಾವಿಬ್ಬರು.

"ಇದು ನಮ್ಮ ಪಣಂಬೂರು ಬೀಚಲ್ವಾ?" ಎಂದರು ಅಮ್ಮ.

ಹುಡುಗ ಓಡಿಹೋಗಿ ಒಂಟೆ ತೋರಿಸಿದ.

"ಒಂಟೆ ಪಣಂಬೂರಲ್ಲೂ ಉಂಟು. ಕೆಲಸ ಸಿಕ್ಕಿದೆ, ದೋಹಾ, ವಿಮಾನ ಅಂತ ಊರಿಗೆಲ್ಲ ಹೇಳಿಸಿದ್ಯಲ್ಲ! ಅಪ್ಪನಿಗೆ ನಾನು ಹೇಳುದಿಲ್ಲ. ಅಡುಗೆ ಆಗಿದೆ, ಮೊದಲು ಊಟಕ್ಕೆ ಬಾ."

ಅತ್ತೆಯ ತಟ್ಟೆ

ಇನ್ನು ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ. ಮದುವೆ ಮಾತುಕತೆಯಲ್ಲೇ "ಹುಲ್ಲೂ ಹುಟ್ಟದ ಊರಿಗೆ ಹುಡುಗಿ ಕೊಡ್ಲಿಕ್ಕುಂಟಾ?" ಎಂದು ಕೇಳಿದವರು. ಈ ಚಳಿಗಾಲ ಮೊದಲ ಸಲ ಕತಾರಿಗೆ ಬಂದರು. ಡೇರೆಗೂ ಬಂದರು, ಆದರೆ ಷರತ್ತು ಹಾಕಿ: "ಚಹಾ ಕುಡಿದು ಸಂಜೆಗೆ ಹೊರಡುದು. ಮರಳಲ್ಲಿ ಮಲಗ್ಲಿಕ್ಕೆ ನಾನೆಂತ ಆಮೆಯಾ?" ಕುರ್ಚಿಯಲ್ಲಿ ಕಾಲು ಮೇಲೆ ಎತ್ತಿ, ಬ್ಯಾಗು ಮಡಿಲಲ್ಲಿಟ್ಟು ಕುಳಿತರು. ಕಾಲು ಮರಳಿಗೆ ಸೋಕಲೂ ಬಿಡಲಿಲ್ಲ. ಇಷ್ಟು ವರ್ಷ ಕಾಪಾಡಿಕೊಂಡ ನಮ್ಮ ಮರ್ಯಾದೆ ಅತ್ತೆಯ ಕೈಯಲ್ಲೇ ಹೋಗುತ್ತದೆ ಎಂದು ನನಗೆ ಖಾತ್ರಿಯಾಯಿತು.

ಅಷ್ಟರಲ್ಲಿ ಯಜಮಾನರ ಹೆಂಡತಿ ಒಂದು ದೊಡ್ಡ ತಟ್ಟೆಯಲ್ಲಿ ಖರ್ಜೂರ ತಂದು ಅತ್ತೆಯ ಕೈಗೆ ಕೊಟ್ಟು, ಕೆನ್ನೆ ಮುಟ್ಟಿ ಹೋದರು. ಅತ್ತೆ ತಟ್ಟೆ ನೋಡಿದರು. ಬ್ಯಾಗು ಕೆಳಗಿಟ್ಟರು.

"ಬಂದ ಪಾತ್ರೆ ಬರಿದು ಕಳಿಸ್ಲಿಕ್ಕುಂಟಾ? ಮೈದಾ ಎಲ್ಲಿ?"

ಗೋಳಿಬಜೆ ತುಂಬಿ ತಟ್ಟೆ ಹೋಯಿತು. ಸ್ವಲ್ಪ ಹೊತ್ತಿಗೆ ಅದೇ ತಟ್ಟೆ ಮಾಂಸದ ಅನ್ನ ಹೊತ್ತು ವಾಪಸು ಬಂತು.

"ಇವರೆಂತ, ಕೊಟ್ಟದ್ದಕ್ಕೆ ಪುನಃ ಕೊಡುದಾ?"

"ಅವರಲ್ಲೂ ಹಾಗೇ ಅತ್ತೆ, ಪಾತ್ರೆ ಬರಿದು ಕಳಿಸುದಿಲ್ಲ" ಎಂದ ಗೆಳೆಯ.

"ಹಾಗಾದ್ರೆ ಇದು ಮುಗಿಯುದು ಯಾವಾಗ?"

"ಯಾರಾದ್ರೂ ಒಬ್ಬರು ಸೋತಾಗ."

ಅತ್ತೆ ಎದ್ದು ಸೆರಗು ಸಿಕ್ಕಿಸಿದರು. ನಮ್ಮ ರಾತ್ರಿಯ ಊಟಕ್ಕೆಂದು ಮಸಾಲೆ ಹಚ್ಚಿಟ್ಟಿದ್ದ ಅಂಜಲ್ ಮೀನೆಲ್ಲ ಕಾವಲಿಗೆ ಬಿದ್ದು ತಟ್ಟೆಯಲ್ಲಿ ಹೋಯಿತು. ಅಲ್ಲಿಂದ ಜೇನು ಸುರಿದ ಸಿಹಿ ಉಂಡೆ ಬಂತು. ಈಗ ನಮ್ಮಲ್ಲಿ ಉಪ್ಪು ಬಿಟ್ಟರೆ ಏನೂ ಉಳಿದಿರಲಿಲ್ಲ.

"ಅಳಿಯಂದಿರೇ, ಫ್ರಿಜ್ಜಲ್ಲಿ ಉದ್ದಿನ ದೋಸೆ ಹಿಟ್ಟುಂಟು, ಹೋಗಿ ತನ್ನಿ. ಯಲ್ಲಾ!" ಎಂದರು. ಬಂದು ವಾರವಾಗಿರಲಿಲ್ಲ, ಅವಸರ ಮಾಡಲು ಇಲ್ಲಿಯವರಂತೆ ಯಲ್ಲಾ ಎನ್ನಲು ಕಲಿತಿದ್ದರು.

"ನೀವೂ ಬರ್ತೀರಾ ಅತ್ತೆ? ಸಂಜೆಗೆ ಹೊರಡುದು ಅಂತ ಹೇಳಿದ್ರಲ್ಲ" ಎಂದೆ, ಮೆಲ್ಲಗೆ.

"ನಾನೆಂತಕ್ಕೆ? ಅವರ ತಟ್ಟೆ ನಮ್ಮಲ್ಲುಂಟಲ್ಲ!"

ನನಗೆ ಹೆಮ್ಮೆಯಲ್ಲಿ ಎದೆ ಉಬ್ಬಿತು. ಮರಳನ್ನೇ ಬೈದವರು ಬರಿಗಾಲಲ್ಲಿ ಮರಳಿನ ಮೇಲೆ ನಿಂತು ನಮ್ಮ ಊರಿನ ಮಾನ ಕಾಯುತ್ತಿದ್ದಾರೆ! ಗಾಡಿ ಓಡಿಸಿಕೊಂಡು ಮನೆಗೆ ಬಂದೆ. ಹಿಟ್ಟಿನ ಪಾತ್ರೆ ತೆಗೆದು ಬಾಗಿಲ ಬಳಿ ಇಟ್ಟೆ. ಇಡೀ ದಿನ ಗೂಟ ಬಡಿದು ಸೊಂಟ ಹಿಡಿದಿತ್ತು. ಎರಡೇ ನಿಮಿಷ ಅಂತ ಸೋಫಾಕ್ಕೆ ಒರಗಿದೆ.

ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಸೂರ್ಯ. ಫೋನು ಗಾಡಿಯಲ್ಲೇ ಉಳಿದಿತ್ತು. ಹಿಟ್ಟು ಉಕ್ಕಿ ಬಾಗಿಲಿನಿಂದ ಆಚೆ ಹೊರಟಿತ್ತು.

ಡೇರೆಗೆ ಓಡಿ ಬಂದರೆ ಬೆಳಗಿನ ಚಹಾ ಮುಗಿದಿತ್ತು. ಅತ್ತೆ ಯಜಮಾನರ ಕಂಬಳಿಯ ಮೇಲೆ ಅವರ ಮನೆಯ ಹೆಂಗಸರ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ನಾನು ಬಾರದ್ದನ್ನು ನೋಡಿ, ಗೆಳೆಯನ ಡಬ್ಬಿಯ ತಳದಲ್ಲಿದ್ದ ಉಮ್ಮನ ಹಲಸಿನ ಹಪ್ಪಳವನ್ನೇ ಕರಿದು ತಟ್ಟೆ ತುಂಬಿಸಿದ್ದರಂತೆ. ಹಪ್ಪಳ ಕಂಡದ್ದೇ ತಡ, ಯಜಮಾನರು ಎರಡೂ ಕೈ ಎತ್ತಿ "ಖಲಾಸ್! ನೀವೇ ಗೆದ್ದಿರಿ" ಎಂದರಂತೆ. ಗೆದ್ದ ತಟ್ಟೆಯನ್ನು ಅತ್ತೆಗೇ ಉಡುಗೊರೆಯಾಗಿ ಕೊಟ್ಟಿದ್ದರು.

"ಅಲ್ಲ, ನೀನು ರಾತ್ರಿ ಎಲ್ಲಿದ್ದಿ?" ಗೆಳೆಯ ಎಲ್ಲರೆದುರೇ ಕೇಳಿದ.

"ಸೋಫಾದಲ್ಲಿ" ಎಂದೆ. ಬೇರೆ ದಾರಿ ಇರಲಿಲ್ಲ.

ಎಲ್ಲರೂ ನಗಲು ಶುರುಮಾಡಿದಾಗ ಅತ್ತೆ ಕೈ ಎತ್ತಿ ತಡೆದರು. ಹೆಣ್ಣು ಕೊಟ್ಟ ಅತ್ತೆಯಲ್ಲವೇ, ಕೊನೆಗೂ ನನ್ನ ಪರವಾಗಿ ಒಂದು ಒಳ್ಳೆಯ ಮಾತು ಬರುತ್ತದೆ ಎಂದು ಕಾದೆ.

"ಪಾಪ, ಅವರಿಗೆ ಎಂತ ಹೇಳ್ಬೇಡಿ. ಮರಳಲ್ಲಿ ಮಲಗ್ಲಿಕ್ಕೆ ಎಲ್ಲರಿಗೂ ಆಗುದಿಲ್ಲ ಮಾರಾಯ್ರೆ, ಅದಕ್ಕೊಂದು ಗುಂಡಿಗೆ ಬೇಕು."