ಯೆಪ್ಪೆ ಮಾಡಿದ ಮರದ ಫಿರಂಗಿ

ತಾಪತ್ರಯಕ್ಕೆಲ್ಲ ಕಾರಣ ಯೆಪ್ಪೆ ಕ್ರಾಗನ ಕೈಗುಣ. ಅರೆಬರೆ ಕೆಲಸ ಮಾಡುವುದು ಆ ಕೈಗೆ ಗೊತ್ತೇ ಇರಲಿಲ್ಲ.

ಡೆನ್ಮಾರ್ಕಿನ ಸರಕು ಹಡಗು ‘ಮಾರೆನ್’ ಫಿಲಡೆಲ್ಫಿಯಾದಲ್ಲಿ ನಿಂತಿದ್ದಾಗಲೇ ಅದರ ತಾಯ್ನಾಡು ಜರ್ಮನರ ಕೈಸೇರಿತ್ತು. ಅಮೆರಿಕದವರು ಹಡಗನ್ನು ವಶಪಡಿಸಿಕೊಂಡು, ಬೂದು ಬಣ್ಣ ಬಳಿದು, ಯುದ್ಧದ ಸರಕು ಹೊರಲು ಸಜ್ಜು ಮಾಡಿದರು. ಹಳೆಯ ನಾವಿಕರೇ ಅದನ್ನು ನಡೆಸುವವರು. ಹಡಗಿನ ಬಡಗಿ ಯೆಪ್ಪೆ ಮಾತ್ರ ನೆಲದ ಮೇಲೇ ಉಳಿಯುವವನಿದ್ದ. ಅದೇ ಊರಿನಲ್ಲಿದ್ದ ಮಗಳು ಬೋಡಿಲ್‌ಗೆ ಹಾಗೆಂದು ಮಾತು ಕೊಟ್ಟಿದ್ದ.

ಹೊರಡುವ ದಿನ ಬೆಳಿಗ್ಗೆ ಕ್ಯಾಪ್ಟನ್ ಹೋಲ್ಸ್ಟ್ ಕರೆದ.

“ಕ್ರಾಗ್, ಫಿರಂಗಿ ಇನ್ನೂ ಬಂದಿಲ್ಲ. ಬರದೇ ಹೋದ್ರೆ ಇರಲಿ ಅಂತ ಮರದ್ದೊಂದು ಮಾಡಿಟ್ಟುಬಿಡು. ಶತ್ರು ದೂರದಿಂದ ನೋಡಿ ಹೆದರಿದ್ರೆ ಸಾಕು. ಆಮೇಲೆ ಮಗಳ ಹತ್ರ ಹೊರಡು.”

ಯೆಪ್ಪೆ ಹಳೆಯ ಹಾಯಿಕಂಬವನ್ನು ಕೊರೆಯಲು ಕೂತ. ಅಡಿಗೆಯ ಸೋಫುಸ್ ಸೌಟು ಹಿಡಿದೇ ಬಂದ.

“ಗುಂಡಿನ ಬದಲು ನನ್ನ ಮಾಂಸದುಂಡೆ ತುಂಬೋಣ್ವೇನೋ?”

“ಬೇಡಪ್ಪಾ, ಯುದ್ಧದಲ್ಲೂ ಒಂದು ನ್ಯಾಯ ಅಂತ ಇರತ್ತೆ.”

ಒಬ್ಬ ಬೋಲ್ಟು ಕಾಣಿಸುತ್ತಿಲ್ಲ ಎಂದ, ಇನ್ನೊಬ್ಬ ಹೊಳಪು ಸಾಲದು ಎಂದ. ಎಲ್ಲರ ಮಾತನ್ನೂ ನಡೆಸಿ, ಬಾಯಿಗೆ ಕ್ಯಾನ್ವಾಸ್ ಮುಸುಕನ್ನೂ ತೊಡಿಸಿದ ಮೇಲೆ ಫಿರಂಗಿ ದಿಬ್ಬಣಕ್ಕೆ ಹೊರಟ ಮದುಮಗನಂತೆ ಮಿರುಗಿತು.

ಮಧ್ಯಾಹ್ನ ನಿಜವಾದ ಫಿರಂಗಿ ಹೊತ್ತ ಲಾರಿ ಬಂತು. ನೌಕಾಪಡೆಯ ಅಧಿಕಾರಿ ಬಂದರುಕಟ್ಟೆಯಿಂದಲೇ ದುರ್ಬೀನು ಹಿಡಿದು ನೋಡಿದ. “ಇವರಿಗೆ ಆಗ್ಲೇ ಕೂರಿಸಿದಾರಲ್ಲ! ಇದನ್ನ ಪಕ್ಕದ ಹಡಗಿಗೆ ಒಯ್ಯಿರಿ.”

“ಸಾರ್, ಅದು ಮರದ್ದು!” ಯೆಪ್ಪೆ ಬಣ್ಣದ ಕುಂಚ ಬೀಸುತ್ತ ಓಡಿದ.

“ಒಳ್ಳೇ ತಮಾಷೆ ಕಣಯ್ಯಾ!” ಎಂದು ಅಧಿಕಾರಿ ನಕ್ಕ. ಕೊನೆಗೆ ಹಡಗು ಹತ್ತಿ ಬಂದು ಫಿರಂಗಿಯನ್ನು ತಟ್ಟಿದ. ಟಕ್ ಟಕ್. ಅವನ ಮುಖ ಇಳಿಯಿತು. ಅಷ್ಟರಲ್ಲಿ ನಿಜವಾದದ್ದನ್ನು ಹೇರಿಕೊಂಡ ಪಕ್ಕದ ಹಡಗು ಹೊರಟೇಹೋಗಿತ್ತು.

“ಉಪ್ಪುನೀರಿಗೆ ಬಣ್ಣ ಎದ್ರೆ ಗುಟ್ಟು ರಟ್ಟಾಗತ್ತೆ. ಮಾಡಿದವನೇ ಜೊತೆಗಿರಬೇಕು. ಇದೊಂದು ಸಲ ಹೋಗಿ ಬಾ” ಎಂದು ಅಧಿಕಾರಿ ಯೆಪ್ಪೆಗೆ ಹೇಳಿದ.

ಸಂಜೆ ಕಟ್ಟೆಯ ಮೇಲೆ ನಿಂತ ಬೋಡಿಲ್ ಕೈಬೀಸಲಿಲ್ಲ.

ನಡುಗಡಲಲ್ಲಿ ಒಂದು ಮುಂಜಾನೆ ಶತ್ರುವಿನ ಜಲಾಂತರ್ಗಾಮಿ ಆ ಫಿರಂಗಿಯನ್ನು ನೋಡಿ ನಿಜಕ್ಕೂ ಹೆದರಿತು. ಹೆದರಿದ್ದರಿಂದಲೇ ಮೇಲೆ ಬರಲಿಲ್ಲ. ನೀರಿನೊಳಗಿಂದಲೇ ಟಾರ್ಪಿಡೊ ಬಿಟ್ಟಿತು.

ಮಾರೆನ್ ಮುಳುಗಿತು. ಕ್ಯಾಪ್ಟನ್ ಹೋಲ್ಸ್ಟ್ ಮತ್ತೆ ಕಾಣಲಿಲ್ಲ. ಬಾಯ್ಲರ್ ಕೋಣೆಯ ಇಬ್ಬರೂ ಬರಲಿಲ್ಲ. ದೋಣಿಗಳೆಲ್ಲ ಒಡೆದಿದ್ದವು. ಉಳಿದವರಿಗೆ ಹಿಡಿದುಕೊಳ್ಳಲು ತೇಲುತ್ತ ಸಿಕ್ಕಿದ್ದು ಒಂದೇ, ಯೆಪ್ಪೆಯ ಫಿರಂಗಿ. ನೆರವಿನ ಹಡಗು ಬರುವವರೆಗೂ ಸೋಫುಸ್ ಅದರ ಕೊಳವೆಯನ್ನು ಕೂಸಿನಂತೆ ಅಪ್ಪಿಕೊಂಡಿದ್ದ. “ಇನ್ಮೇಲೆ ಇದನ್ನ ನೋಡಿ ನಗಲ್ಲ ಕಣೋ” ಎಂದು ನಡುಗುತ್ತ ಹೇಳುತ್ತಿದ್ದ.

ಮನೆಗೆ ಬಂದ ಮಾರನೆಯ ದಿನ ಬಾಗಿಲು ತಟ್ಟಿದ ಸದ್ದಾಯಿತು. ಅದೇ ಅಧಿಕಾರಿ.

“ನಿಮ್ಮವರ ಹೊಸ ಹಡಗಿಗೆ ನಿಜವಾದ ಫಿರಂಗಿಯನ್ನೇ ಕೂರಿಸಿದೀವಿ.”

“ದೇವರು ದೊಡ್ಡವನು!” ಯೆಪ್ಪೆ ಉಸಿರುಬಿಟ್ಟ.

ಅಧಿಕಾರಿಯ ಬೆನ್ನ ಹಿಂದಿನಿಂದ ಸೋಫುಸ್ ಮುಂದೆ ಬಂದ. ಜೊತೆಗೆ ಉಳಿದವರೂ, ಟೋಪಿ ಕೈಯಲ್ಲಿ ಹಿಡಿದು. “ಕಬ್ಬಿಣದ್ದು ತೇಲಲ್ಲ ಕಣೋ, ಯೆಪ್ಪೆ. ಪಕ್ಕದಲ್ಲಿ ನಿಂದೂ ಒಂದು ಇರಬೇಕು. ಅದನ್ನ ನೋಡ್ಕೊಳ್ಳೋಕೆ ನೀನೂ ಇರಬೇಕು. ಇಲ್ದಿದ್ರೆ ನಾವು ಯಾರೂ ಹತ್ತಲ್ಲ.”

ಯೆಪ್ಪೆ ಮಗಳ ಕಡೆ ತಿರುಗಿದ. ಅವಳಾದರೂ ಬೇಡವೆನ್ನಲಿ ಎಂದು ಅವನ ಆಸೆ.

ಬೋಡಿಲ್ ಆ ಮುಖಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಒಳಗೆ ಹೋಗಿ ಗರಗಸ ತಂದು ಅವನ ಕೈಗಿಟ್ಟಳು.

“ಈ ಸಲ ಇನ್ನೂ ಉದ್ದ ಮಾಡಪ್ಪಾ. ಎಲ್ಲರಿಗೂ ಹಿಡ್ಕೊಳ್ಳೋಕೆ ಜಾಗ ಸಾಲಬೇಕು.”